ಟಿವಿ ಅಂಗಡಿಯ ಷೇರು

ಕಳೆದ ದೀಪಾವಳಿಗೆ ತಿಪಟೂರಿಗೆ ಹೋಗಿದ್ದಾಗ ಚಿಕ್ಕಪ್ಪ ಊಟದೆಲೆ ಎತ್ತುವ ಮೊದಲೇ ಫೋನು ನನ್ನ ಮುಂದೆ ಹಿಡಿದರು. "ಪುಟ್ಟಿ, ನೀನು ಹಳೇ ಕಂಪನಿಗಳ ಲೆಕ್ಕ ಓದ್ತಾ ಕೂತಿರ್ತೀಯಲ್ಲ, ಇದನ್ನ ಸ್ವಲ್ಪ ನೋಡಮ್ಮ. ಜೈಪುರದ್ದು. ಅಮೆರಿಕದಲ್ಲಿ ಟಿವಿ ಚಾನೆಲ್ ಇಟ್ಕೊಂಡು ಒಡವೆ ಮಾರ್ತಾರಂತೆ. ಆನ್‌ಲೈನಲ್ಲೂ ಮಾರ್ತಾರಂತೆ. ರಿಟೈರ್ಮೆಂಟ್ ದುಡ್ಡಲ್ಲಿ ಎರಡು ಲಕ್ಷ ಹಾಕೋಣ ಅಂತಿದೀನಿ."

ಚಿಕ್ಕಮ್ಮ ಮಜ್ಜಿಗೆ ಬಡಿಸುತ್ತಿದ್ದವರು ಒಂದು ಕ್ಷಣ ನಿಂತರು. ಯಾಕೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. 2000ನೇ ಇಸವಿಯಲ್ಲಿ ನಮ್ಮಪ್ಪ, ಹೈಸ್ಕೂಲು ಮೇಷ್ಟ್ರು, ಹೀಗೇ ಒಂದು ಸಣ್ಣ ಕಂಪನಿಗೆ ದುಡ್ಡು ಹಾಕಿದ್ದರು. ಟಿವಿ ಮತ್ತು ಇಂಟರ್ನೆಟ್ ಎರಡನ್ನೂ ಬೆಸೆದು ಮನೆಮನೆಗೆ ಅಂಗಡಿ ತರುತ್ತೇವೆ ಎಂದು ಅದರ ಕರಪತ್ರದಲ್ಲಿತ್ತು. ಹೆಸರು ಇಲ್ಲಿ ಬೇಡ. ಅಮ್ಮನ ಎರಡು ಬಳೆ ಆ ಲೆಕ್ಕದಲ್ಲಿ ಹೋದವು. ಅಪ್ಪ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಸಿಕ್ಕ ಆ ಷೇರು ಪತ್ರವೇ ನನ್ನನ್ನು ಸಣ್ಣ ಹೂಡಿಕೆದಾರರ ಚರಿತ್ರೆಯ ಕಡೆ ಎಳೆದದ್ದು ಎಂದು ಗೈಡ್ ಮುಂದೆ ಹೇಳಿಲ್ಲ. ಸಿನಾಪ್ಸಿಸ್‌ನಲ್ಲಿ ಬೇರೆ ಏನೇನೋ ಬರೆದಿದ್ದೇನೆ.

ಚಿಕ್ಕಪ್ಪನಿಗೆ "ನೋಡಿ ಹೇಳ್ತೀನಿ" ಎಂದೆ. ನೋಡಲು ಕೂತವಳು ಜೈಪುರ ಬಿಟ್ಟು ಫ್ಲೋರಿಡಾಕ್ಕೆ ಹೋದೆ.

ಟಿವಿ ಅಂಗಡಿಯ ಕತೆ ಶುರುವಾಗುವುದು ರೇಡಿಯೋದಲ್ಲಿ. 1977ರಲ್ಲಿ ಫ್ಲೋರಿಡಾದ ಕ್ಲಿಯರ್‌ವಾಟರ್ ಎಂಬಲ್ಲಿ ಲೋವೆಲ್ ಪ್ಯಾಕ್ಸನ್ ಎಂಬಾತನ ಸಣ್ಣ ರೇಡಿಯೋ ಕೇಂದ್ರಕ್ಕೆ ಜಾಹೀರಾತುದಾರನೊಬ್ಬ ಬಾಕಿ ಕೊಡಲಾಗದೆ, ಅದರ ಬದಲು 112 ಎಲೆಕ್ಟ್ರಿಕ್ ಕ್ಯಾನ್ ಓಪನರ್ ಕೊಟ್ಟ. ಡಬ್ಬಿ ತೆರೆಯುವ ಯಂತ್ರಗಳು, ಬಣ್ಣ ಅವಕಾಡೊ ಹಸಿರು. ಬಾಬ್ ಸರ್ಕೊಸ್ಟಾ ಎಂಬ ನಿರೂಪಕ ಅವನ್ನು 9 ಡಾಲರ್ 95 ಸೆಂಟಿಗೆ ಒಂದರಂತೆ ಗಾಳಿಯಲ್ಲೇ ಮಾರಿ ಮುಗಿಸಿದ. ಬಾಕಿ ವಸೂಲಿಯಿಂದ ಹುಟ್ಟಿದ ಉದ್ಯಮ ಇದು. ನಮ್ಮೂರ ಸಂತೆಯಲ್ಲಿ ಸಾಲಕ್ಕೆ ಬದಲು ತೆಂಗಿನಕಾಯಿ ಎತ್ತಿಕೊಂಡು ಬಂದು ಮಾರುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ.

1982ರಲ್ಲಿ ಪ್ಯಾಕ್ಸನ್ ಮತ್ತು ರಾಯ್ ಸ್ಪೀರ್ ಸೇರಿ ಅಲ್ಲಿನ ಕೇಬಲ್ ಟಿವಿಯಲ್ಲಿ ಇದನ್ನೇ ಒಂದು ಚಾನೆಲ್ ಮಾಡಿದರು. 1985ಕ್ಕೆ ಅದು ಹೋಮ್ ಶಾಪಿಂಗ್ ನೆಟ್‌ವರ್ಕ್ ಎಂದು ದೇಶವ್ಯಾಪಿಯಾಯಿತು. 1986ರ ಮೇ ತಿಂಗಳಲ್ಲಿ ಷೇರು 18 ಡಾಲರಿಗೆ ಮಾರುಕಟ್ಟೆಗೆ ಬಂತು, ಮೊದಲ ದಿನವೇ 42 ದಾಟಿತು. ಒಂದು ವರ್ಷ ಹಿಂದಷ್ಟೇ ದೇಶಕ್ಕೆ ಕಾಣಿಸಿಕೊಂಡ ಚಾನೆಲ್ಲು! ಆ ಉತ್ಸಾಹ ಕಂಡವರೆಲ್ಲ ಚಾನೆಲ್ ತೆಗೆಯಲು ಓಡಿದರು. ಅದೇ ವರ್ಷ ಪೆನ್ಸಿಲ್ವೇನಿಯಾದಲ್ಲಿ ಜೋಸೆಫ್ ಸೀಗಲ್ ಕ್ಯೂವಿಸಿ ಸ್ಥಾಪಿಸಿದ್ದು.

ಮುಂದಿನ ವರ್ಷವೇ ಷೇರು ಕುಸಿಯತೊಡಗಿತು. ಆಗ ಕಂಪನಿ ಕೊಟ್ಟ ಕಾರಣ ನನಗೆ ಬಹಳ ಇಷ್ಟ: ಫೋನು. ಗಿರಾಕಿಗಳು ಫೋನ್ ಮಾಡುತ್ತಿದ್ದಾರೆ, ಜಿಟಿಇ ಕೊಟ್ಟ ಟೆಲಿಫೋನ್ ವ್ಯವಸ್ಥೆ ಸರಿಯಿಲ್ಲದೆ ಕರೆಗಳು ತಪ್ಪಿಹೋಗುತ್ತಿವೆ ಎಂದು 150 ಕೋಟಿ ಡಾಲರಿಗೆ ದಾವೆ ಹೂಡಿದರು. 1989ರಲ್ಲಿ ಜ್ಯೂರಿ ದಾವೆಯನ್ನು ತಳ್ಳಿಹಾಕಿತು. ಅಷ್ಟೇ ಅಲ್ಲ, ಮಾನನಷ್ಟಕ್ಕೆಂದು ಜಿಟಿಇಗೇ 10 ಕೋಟಿ ಡಾಲರ್ ಕೊಡಬೇಕೆಂದಿತು. ಬಾರದ ಗಿರಾಕಿಯನ್ನು ತಪ್ಪಿಹೋದ ಕರೆ ಎಂದುಕೊಳ್ಳುವ ಆಸೆ ವ್ಯಾಪಾರಸ್ಥರಿಗೆ ಮಾತ್ರ ಇರುವುದಲ್ಲ. ಅಪ್ಪ ಕೂಡ ಕೊನೆಯವರೆಗೂ ಆ ಕಂಪನಿಯ ಡಿವಿಡೆಂಡು ಅಂಚೆಯಲ್ಲಿ ಎಲ್ಲೋ ಕಳೆದುಹೋಗಿರಬೇಕು ಎನ್ನುತ್ತಿದ್ದರು.

ಈ ದೊಡ್ಡವರಿಗಿಂತ ಚಿಕ್ಕಪ್ಪನ ಪ್ರಶ್ನೆಗೆ ಹತ್ತಿರದ್ದು ಇನ್ನೊಂದು ಕಂಪನಿ. ಮಿನ್ನೆಸೋಟಾದ ವ್ಯಾಲ್ಯೂವಿಷನ್. 1990ರಲ್ಲಿ ಹುಟ್ಟಿ 1991ರಲ್ಲಿ ಷೇರು ಮಾರಿತು. ಅದರ ಬದುಕೆಲ್ಲ ಮೂರನೆಯವನ ಬದುಕು. ಎರಡು ದೊಡ್ಡ ಅಂಗಡಿಗಳ ಪಕ್ಕದ ಮಳಿಗೆ.

ಇಲ್ಲಿ ಈ ವ್ಯಾಪಾರದ ಒಳಗಿನ ಲೆಕ್ಕ ಸ್ವಲ್ಪ ಹೇಳಬೇಕು. ಟಿವಿ ಅಂಗಡಿಗೆ ರಸ್ತೆ ಬದಿಯ ಬಾಡಿಗೆ ಇಲ್ಲ ಎಂದು ಎಲ್ಲರೂ ಮೊದಲು ಅಂದುಕೊಳ್ಳುತ್ತಾರೆ. ಬಾಡಿಗೆ ಇದೆ. ಅದನ್ನು ಕೇಬಲ್ಲಿನವನಿಗೆ, ಉಪಗ್ರಹದವನಿಗೆ ಕಟ್ಟಬೇಕು. ಎಷ್ಟು ಮನೆಗಳಿಗೆ ಚಾನೆಲ್ ತಲುಪುತ್ತದೋ ಅಷ್ಟರ ಮೇಲೆ ಲೆಕ್ಕ. ಆ ಮನೆಗಳವರು ಕೊಳ್ಳಲಿ ಬಿಡಲಿ, ಆ ಹಣ ಹೋಗಲೇಬೇಕು. ಇನ್ನು ಚಾನೆಲ್ ನಂಬರು ಅಂದರೆ ಸಂತೆಯಲ್ಲಿ ಜಾಗವಿದ್ದ ಹಾಗೆ: ಜನ ರಿಮೋಟು ಒತ್ತುತ್ತಾ ಹೋಗುವಾಗ ಜನಪ್ರಿಯ ಚಾನೆಲ್ಲುಗಳ ನಡುವೆ ಸಿಕ್ಕವನು ಬದುಕಿದ, ಮುನ್ನೂರರ ಆಚೆ ಬಿದ್ದವನ ಹತ್ತಿರ ಯಾರೂ ಬರುವುದಿಲ್ಲ. ಹೀಗಾಗಿ ದೊಡ್ಡವನಿಗೆ ಪ್ರತಿ ಮನೆಯಿಂದ ಬರುವ ವ್ಯಾಪಾರ ಬಾಡಿಗೆಯನ್ನು ದಾಟಿ ಲಾಭ ಉಳಿಸುತ್ತದೆ. ಮೂರನೆಯವನಿಗೆ ಬಾಡಿಗೆ ಕಟ್ಟುವುದೇ ಕಷ್ಟ. ಅದರ ಮೇಲೆ ಹಿಂದಿರುಗಿ ಬರುವ ಮಾಲು. ಟಿವಿ ಬೆಳಕಲ್ಲಿ ಹೊಳೆದ ಉಂಗುರ ಮನೆ ದೀಪದಲ್ಲಿ ಹೊಳೆಯದಿದ್ದರೆ ಪೊಟ್ಟಣ ವಾಪಸ್ಸು.

1999ರಲ್ಲಿ ಎನ್‌ಬಿಸಿ ಮತ್ತು ಜಿಇ ಇದರಲ್ಲಿ ಹಣ ಹೂಡಿದಾಗ ಸಣ್ಣ ಹೂಡಿಕೆದಾರರಿಗೆ ದೇವರೇ ಬಂದ ಹಾಗಾಯಿತು. ಟಿವಿ ಇದೆ, ಇಂಟರ್ನೆಟ್ ಬರುತ್ತಿದೆ, ಹಿಂದೆ ದೊಡ್ಡ ಹೆಸರಿದೆ. ಅಪ್ಪ ಓದಿದ ಕರಪತ್ರದ ಭಾಷೆ ಎಲ್ಲಿಂದ ಬಂದದ್ದು ಎಂದು ನನಗೆ ಗೊತ್ತಾದದ್ದು ಆ ಕಾಲದ ಇಂಥ ಸುದ್ದಿಗಳನ್ನು ಓದುವಾಗ. 2001ರಲ್ಲಿ ಚಾನೆಲ್ ಹೆಸರು ಶಾಪ್‌ಎನ್‌ಬಿಸಿ ಆಯಿತು. 2013ರಲ್ಲಿ ಶಾಪ್‌ಎಚ್‌ಕ್ಯೂ. 2015ರಲ್ಲಿ ಎವೈನ್. 2019ರಲ್ಲಿ ಕಂಪನಿ ಐಮೀಡಿಯಾ ಬ್ರ್ಯಾಂಡ್ಸ್, ಚಾನೆಲ್ ಮತ್ತೆ ಶಾಪ್‌ಎಚ್‌ಕ್ಯೂ. ಆ ವರ್ಷ ಷೇರು ಎಷ್ಟು ಕೆಳಗೆ ಬಂದಿತ್ತೆಂದರೆ ಹತ್ತು ಷೇರು ಸೇರಿಸಿ ಒಂದು ಮಾಡಬೇಕಾಯಿತು. 2023ರ ಜೂನ್‌ನಲ್ಲಿ ದಿವಾಳಿ ಅರ್ಜಿ. 2025ರ ಏಪ್ರಿಲ್‌ನಲ್ಲಿ ಚಾನೆಲ್ಲೇ ನಿಂತಿತು. ಹೆಸರು ಬದಲಿಸುವುದು ಕಾಯಿಲೆ ಮನುಷ್ಯನಿಗೆ ಜಾಗ ಬದಲಿಸಿದ ಹಾಗೆ. ಮೊದಲ ನಾಲ್ಕು ದಿನ ಚೆನ್ನಾಗಿರುತ್ತಾನೆ.

ನಮ್ಮಲ್ಲಿ 2008ರಲ್ಲಿ ಶುರುವಾದ ಹೋಮ್‌ಶಾಪ್18 ನಿಮಗೆ ನೆನಪಿರಬಹುದು. ಸೀರೆ, ಮಿಕ್ಸರು, ಮೊಬೈಲು, ದುಡ್ಡು ಮನೆ ಬಾಗಿಲಲ್ಲಿ. 2014ರಲ್ಲಿ ಅಮೆರಿಕದಲ್ಲಿ ಷೇರು ಮಾರಲು ಅರ್ಜಿ ಹಾಕಿತು, ಆ ಷೇರು ಮಾರುಕಟ್ಟೆಗೆ ಬರಲೇ ಇಲ್ಲ. ಆಗಿನ್ನೂ ಚಿಕ್ಕಪ್ಪ ಸರ್ವಿಸ್‌ನಲ್ಲಿದ್ದರು, ಬಚಾವಾದರು.

ಇನ್ನು ಜೈಪುರದ್ದು, ವೈಭವ್ ಗ್ಲೋಬಲ್. ಮೊದಲು ವೈಭವ್ ಜೆಮ್ಸ್ ಎಂಬ ಹೆಸರಲ್ಲಿ ಹರಳಿನ ವ್ಯಾಪಾರ, ಸುನಿಲ್ ಅಗರ್ವಾಲ್ ಕಟ್ಟಿದ್ದು. ಬೇರೆಯವರ ಅಂಗಡಿಗೆ ಮಾಲು ಕೊಡುವ ಬದಲು ತಾವೇ ಮಾರೋಣ ಎಂದು ಬ್ರಿಟನ್, ಅಮೆರಿಕಗಳಲ್ಲಿ ಚಾನೆಲ್ ತೆಗೆದರು. ಜರ್ಮನಿಯಲ್ಲೂ ತೆಗೆದು, 2008ರ ಆರ್ಥಿಕ ಕುಸಿತದ ನಂತರ ಮುಚ್ಚಿದರು. ಆಗ ಕಂಪನಿ ಸಾಲದಲ್ಲಿ ಮುಳುಗಿತ್ತು. 2021ರಲ್ಲಿ ಮತ್ತೆ ಜರ್ಮನಿಗೆ ಹೋದರು. ವ್ಯಾಲ್ಯೂವಿಷನ್‌ಗೆ ಇಲ್ಲದ್ದೊಂದು ಇವರಿಗಿದೆ: ಮಾಲು ಬಹುಮಟ್ಟಿಗೆ ಸ್ವಂತದ್ದು. ಜೈಪುರದ ಕೈಕೆಲಸದ ಅಗ್ಗದ ಒಡವೆ ಎರಡು ಮೂರು ಕೈ ದಾಟದೆ ನೇರ ಟೆಕ್ಸಾಸಿನ ಅಜ್ಜಿಯ ಕೈಗೆ ಹೋಗುತ್ತದೆ. ಹಾಗಾಗಿ ಚಾನೆಲ್ ಬಾಡಿಗೆ ಕಟ್ಟಿಯೂ ಏನಾದರೂ ಉಳಿಯುತ್ತದೆ. ಈಗ ಮಾರಾಟದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆನ್‌ಲೈನಿನದು. ಪ್ರತಿ ಮಾರಾಟಕ್ಕೆ ಒಂದು ಮಗುವಿನ ಊಟ ಎಂಬ ಯೋಜನೆಯೂ ಇದೆ. ಅದರ ಭಾರತದ ಭಾಗಕ್ಕೆ ಬೆಂಗಳೂರಿನ ಅಕ್ಷಯ ಪಾತ್ರ ಜೊತೆಯಾಗಿದೆ ಎಂದಾಗ ಚಿಕ್ಕಮ್ಮನ ಮುಖ ಸ್ವಲ್ಪ ಸಡಿಲವಾಯಿತು.

ಆದರೆ ಆ ಅಜ್ಜಿಗೆ ವಯಸ್ಸಾಗುತ್ತಿದೆ, ಅವಳ ಮೊಮ್ಮಗಳ ಮನೆಯಲ್ಲಿ ಕೇಬಲ್ಲೇ ಇಲ್ಲ. ಕೊರೋನಾ ಕಾಲದಲ್ಲಿ ಎಲ್ಲರೂ ಮನೆಯಲ್ಲಿ ಕೂತಾಗ ಈ ಷೇರು ಹಾರಿತು. 2021ರ ಶಿಖರದಿಂದ ಮುಂದಿನ ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಬೆಲೆ ಕಳೆದುಕೊಂಡಿತು. ಒಂದು ಸಂಕ್ರಾಂತಿಯ ಮಾರಾಟವನ್ನೇ ವರ್ಷಪೂರ್ತಿಯ ವ್ಯಾಪಾರ ಎಂದುಕೊಂಡವರು ಏರಿದ ಬೆಲೆಗೆ ಕೊಂಡಿದ್ದರು.

ಇದನ್ನೆಲ್ಲ ಒಂದು ಭಾನುವಾರ ಫೋನಿನಲ್ಲಿ ಹೇಳಿದೆ. ವರ್ಷದ ವರದಿಯಲ್ಲಿ ಮೂರು ಜಾಗ ಗುರುತು ಮಾಡಿ ವಾಟ್ಸಾಪ್ ಕಳಿಸಿದ್ದೆ: ಚಾನೆಲ್ಲುಗಳಿಗೆ ಕಟ್ಟುವ ಹಣ ಎಷ್ಟು, ಹೊಸ ಗಿರಾಕಿಗಳು ಎಷ್ಟು, ಹಳಬರಲ್ಲಿ ಮತ್ತೆ ಬಂದವರು ಎಷ್ಟು. ಅಪ್ಪನಿಗೆ ಇವನ್ನು ಕೇಳಬೇಕೆಂದು ಹೇಳಿಕೊಡುವವರು ಇರಲಿಲ್ಲ. ಕೇಳಿದ್ದರೂ ಆ ಕಂಪನಿ ಉತ್ತರ ಕೊಡುತ್ತಿತ್ತೆಂದು ನನಗನ್ನಿಸುವುದಿಲ್ಲ.

ಚಿಕ್ಕಪ್ಪ ತುಸು ಹೊತ್ತು ಸುಮ್ಮನಿದ್ದರು. "ಎರಡು ಲಕ್ಷ ಬೇಡ. ಇಪ್ಪತ್ತು ಸಾವಿರ ಹಾಕ್ಲಾ?" ಎಂದರು.

"ಚಿಕ್ಕಮ್ಮನ್ನ ಕೇಳಿದ್ರಾ?"

"ಅವಳ ಹತ್ರ ನೀನೇ ಮಾತಾಡಮ್ಮ" ಎಂದು ಫೋನು ಒಳಗೆ ತೆಗೆದುಕೊಂಡು ಹೋದರು.