ಲೆಕ್ಕ ಬಲ್ಲವರ ಕೈಗೆ ಕಂಪ್ಯೂಟರ್

ಬಗ್ದಾದಿನ ಗಣಿತಜ್ಞ ಮುಹಮ್ಮದ್ ಬಿನ್ ಮೂಸಾ ಅಲ್ ಖ್ವಾರಿಝ್ಮಿ ಒಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬೀಜಗಣಿತದ ಗ್ರಂಥವೊಂದನ್ನು ಬರೆದರು. ಅದು ಪಂಡಿತರ ಬುದ್ಧಿವಿಲಾಸಕ್ಕಾಗಿ ಬರೆದದ್ದಲ್ಲ. ವಾರೀಸು ಹಂಚಿಕೆ, ವ್ಯಾಪಾರ, ಜಮೀನಿನ ಅಳತೆ, ಕಾಲುವೆ ತೋಡುವ ಕೆಲಸ ಇವುಗಳಲ್ಲಿ ಜನರಿಗೆ ದಿನನಿತ್ಯ ಬೇಕಾಗುವ ಲೆಕ್ಕ ಸುಲಭವಾಗಲಿ ಎಂಬುದು ಅವರೇ ಮುನ್ನುಡಿಯಲ್ಲಿ ಹೇಳಿಕೊಂಡ ಉದ್ದೇಶ. ಗ್ರಂಥದ ದೊಡ್ಡ ಭಾಗವೇ ಆಸ್ತಿ ಪಾಲಿನ ಲೆಕ್ಕಗಳಿಗೆ ಮೀಸಲಾಗಿದೆ. ಅವರ ಹೆಸರು ಲ್ಯಾಟಿನ್ ಭಾಷೆಗೆ ಹೋಗಿ, ರೂಪ ಬದಲಿಸಿಕೊಂಡು, ಕೊನೆಗೆ ಅಲ್ಗಾರಿದಮ್ ಎಂಬ ಪದವಾಯಿತು. ಒಂದು ಕೆಲಸವನ್ನು ಹಂತಹಂತವಾಗಿ ಮಾಡುವ ವಿಧಾನವನ್ನು ಕಂಪ್ಯೂಟರ್ ಪ್ರಪಂಚ ಇಂದು ಆ ಹೆಸರಿನಿಂದಲೇ ಕರೆಯುತ್ತದೆ. ವಿಪರ್ಯಾಸವೆಂದರೆ, ಜನರಿಗಾಗಿ ಲೆಕ್ಕ ಬರೆದವರ ಹೆಸರು ಹೊತ್ತ ಈ ವಿದ್ಯೆ ಬಹುಕಾಲ ಬೆರಳೆಣಿಕೆಯ ಮಂದಿಯ ಸೊತ್ತಾಗಿ ಉಳಿಯಿತು.

1946ರಲ್ಲಿ ಅಮೆರಿಕ ಜಗತ್ತಿಗೆ ತೋರಿಸಿದ ಎನಿಯಾಕ್ ಯಂತ್ರಕ್ಕೆ ಹೊಸ ಲೆಕ್ಕವೊಂದನ್ನು ಕೊಡಬೇಕಾದರೆ ತಂತಿಗಳನ್ನು ಕಿತ್ತು ಮರುಜೋಡಿಸಿ ಗುಂಡಿಗಳನ್ನು ತಿರುಗಿಸಬೇಕಿತ್ತು. ಆ ಕೆಲಸ ಮಾಡಿದವರು ಆರು ಮಂದಿ ಮಹಿಳೆಯರು. ಅನಂತರ ಗ್ರೇಸ್ ಹಾಪರ್ ಎಂಬ ಗಣಿತಜ್ಞೆ, ಕಂಪ್ಯೂಟರಿಗೆ ಸಂಕೇತಗಳ ಬದಲು ಇಂಗ್ಲಿಷ್ ಪದಗಳಲ್ಲೇ ಸೂಚನೆ ಕೊಡಬಹುದು ಎಂದರು. ಅದು ಆಗದ ಮಾತು ಎಂದವರೇ ಹೆಚ್ಚು. ಆದರೂ ಅವರು ಮಾಡಿ ತೋರಿಸಿದರು. ಆ ದಾರಿಯಲ್ಲೇ 1960ರ ಹೊತ್ತಿಗೆ ಕೋಬಾಲ್ ಭಾಷೆ ರೂಪುಗೊಂಡಿತು. ವ್ಯವಹಾರಸ್ಥರೂ ಓದಿ ಅರ್ಥ ಮಾಡಿಕೊಳ್ಳುವಂತಿರಬೇಕು ಎಂಬುದು ಅದರ ಆಶಯ. ಆದದ್ದೇ ಬೇರೆ. ವ್ಯವಹಾರಸ್ಥರು ಅದನ್ನು ಕಲಿಯಲಿಲ್ಲ, ಕೋಬಾಲ್ ಬಲ್ಲವರ ಹೊಸದೊಂದು ವೃತ್ತಿಯೇ ಹುಟ್ಟಿಕೊಂಡಿತು.

1964ರ ಮೇ 1ರಂದು ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಝ್ ಬೇಸಿಕ್ ಭಾಷೆಯನ್ನು ಚಾಲನೆಗೆ ತಂದರು. ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಬೇಕೆಂಬುದು ಅವರ ಹಟ. ಬಾಗಿಲು ಇನ್ನಷ್ಟು ತೆರೆಯಿತು, ನಿಜ. ಆದರೆ ನಮ್ಮ ಕನ್ನಡ ಶಾಲೆಗಳಲ್ಲಿ ಓದಿದವರ ಪಾಲಿಗೆ ಆ ಬಾಗಿಲಿಗೆ ಎರಡು ಬೀಗಗಳಿದ್ದವು. ಮೊದಲನೆಯದು ಇಂಗ್ಲಿಷ್. ಪ್ರೋಗ್ರಾಮಿಂಗ್ ಆಮೇಲಿನದು.

ಪ್ರೋಗ್ರಾಮರ್ ಅಲ್ಲದವರ ಕೈಗೆ ನಿಜವಾಗಿ ಅಧಿಕಾರ ಬಂದದ್ದು ಭಾಷೆಯಿಂದಲ್ಲ, ಚೌಕುಳಿ ಹಾಳೆಯಿಂದ. ಹಾರ್ವರ್ಡಿನಲ್ಲಿ ವಾಣಿಜ್ಯ ಆಡಳಿತ ಕಲಿಯುತ್ತಿದ್ದ ಡ್ಯಾನ್ ಬ್ರಿಕ್ಲಿನ್, ಕಪ್ಪು ಹಲಗೆಯ ಮೇಲೆ ಅಧ್ಯಾಪಕರು ಬರೆದ ಕೋಷ್ಟಕದಲ್ಲಿ ಒಂದು ಅಂಕೆ ಬದಲಾದರೆ ಅದನ್ನು ಅವಲಂಬಿಸಿದ ಅಂಕೆಗಳನ್ನೆಲ್ಲ ಒರೆಸಿ ಬರೆಯಬೇಕಾಗುವುದನ್ನು ಕಂಡರು. ಹಲಗೆ ತಾನೇ ಲೆಕ್ಕ ತಿದ್ದಿಕೊಂಡರೆ ಹೇಗೆ ಎಂದು ಯೋಚಿಸಿದರು. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ 1979ರಲ್ಲಿ ವಿಸಿಕ್ಯಾಲ್ಕ್ ಹೊರತಂದರು. ಇಂದಿನ ಎಕ್ಸೆಲ್ ಅದೇ ವಂಶದ್ದು. ಮಂಡಿಯ ಗುಮಾಸ್ತ, ಮಸೀದಿ ಕಮಿಟಿಯ ಖಜಾಂಚಿ, ಶಾಲೆಯ ಮುಖ್ಯೋಪಾಧ್ಯಾಯಿನಿ ಎಲ್ಲರೂ ಇದರಲ್ಲಿ ಸೂತ್ರ ಬರೆಯುತ್ತಾರೆ. ಅವರನ್ನು ಯಾರೂ ಪ್ರೋಗ್ರಾಮರ್ ಎನ್ನುವುದಿಲ್ಲ. ಆದರೆ ಅವರು ಬರೆಯುವುದು ಪ್ರೋಗ್ರಾಮನ್ನೇ.

ಇದಕ್ಕೆ ತೆತ್ತ ಬೆಲೆಯೂ ಇದೆ. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಆರೋಗ್ಯಾಧಿಕಾರಿಗಳು ಕೊರೋನಾ ಪರೀಕ್ಷೆಯ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ಮಾದರಿಯ ಕಡತದಲ್ಲಿ ತುಂಬುತ್ತಿದ್ದರು. ಅದರಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಮಿಕ್ಕವು ಸದ್ದಿಲ್ಲದೆ ಬಿದ್ದುಹೋದವು. ಸುಮಾರು 16,000 ಸೋಂಕಿತರು ದೈನಂದಿನ ಲೆಕ್ಕದಿಂದ ತಪ್ಪಿಹೋದರು, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು ತಡವಾಯಿತು.

ಈಗಿನ ಅಧ್ಯಾಯ ಆರಂಭವಾದದ್ದು 2021ರಲ್ಲಿ, ಗಿಟ್‌ಹಬ್ ಕೋಪೈಲಟ್‌ನಿಂದ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. 2025ರ ಫೆಬ್ರವರಿಯಲ್ಲಿ ಆಂಡ್ರೇ ಕರ್ಪಾಥಿ ಎಂಬ ವಿಜ್ಞಾನಿ, ಕೋಡಿನ ಕಡೆ ಕಣ್ಣೆತ್ತಿಯೂ ನೋಡದೆ ಮಾತಿನಲ್ಲೇ ತಂತ್ರಾಂಶ ಕಟ್ಟುವ ಈ ರೀತಿಗೆ ವೈಬ್ ಕೋಡಿಂಗ್ ಎಂದು ಹೆಸರಿಟ್ಟರು. ಅಪಾರ ಪ್ರಮಾಣದ ಕೋಡನ್ನೂ ಬರಹವನ್ನೂ ಉಂಡು ಬೆಳೆದ ಈ ಕೃತಕ ಬುದ್ಧಿಮತ್ತೆಗೆ ನಮಗೇನು ಬೇಕೆಂದು ಹೇಳಿದರೆ ಸಾಕು. ಪರದೆ, ದತ್ತಾಂಶದ ಕೋಷ್ಟಕ, ಪಾಸ್‌ವರ್ಡಿನ ಪುಟ ಎಲ್ಲವನ್ನೂ ಅದೇ ಬರೆಯುತ್ತದೆ. ಕೆಟ್ಟರೆ, ಏನು ಕೆಟ್ಟಿತೆಂದು ಹೇಳಿದರೆ ತಿದ್ದುತ್ತದೆ. ಕನ್ನಡದಲ್ಲಿ ಹೇಳಿದರೂ ಬಹುಮಟ್ಟಿಗೆ ಅರ್ಥ ಮಾಡಿಕೊಳ್ಳುತ್ತದೆ. ಆ ಎರಡು ಬೀಗಗಳು ಒಟ್ಟಿಗೇ ಸಡಿಲಗೊಂಡದ್ದು ಇದೇ ಮೊದಲು.

ಇದರ ಅರ್ಥವೇನೆಂದು ಖ್ವಾರಿಝ್ಮಿಯವರ ವಿಷಯದಿಂದಲೇ ನೋಡೋಣ. ಮದ್ರಸಾದ ಅಧ್ಯಾಪಕರೊಬ್ಬರು ವಾರೀಸು ಪಾಲು ಲೆಕ್ಕ ಹಾಕುವ ಆ್ಯಪ್ ಒಂದನ್ನು ಹೀಗೆ ಮಾಡಿಸಿದರೆಂದು ಇಟ್ಟುಕೊಳ್ಳಿ. ಮಕ್ಕಳಿಲ್ಲದ, ತಂದೆತಾಯಿಯರೂ ಇಲ್ಲದ ಹೆಣ್ಣುಮಗಳು ತೀರಿಕೊಂಡಿದ್ದಾಳೆ. ಗಂಡನೂ ಇಬ್ಬರು ಒಡಹುಟ್ಟಿದ ಸಹೋದರಿಯರೂ ಇದ್ದಾರೆ. ಗಂಡನಿಗೆ ಅರ್ಧ, ಸಹೋದರಿಯರಿಗೆ ಮೂರರಲ್ಲಿ ಎರಡು ಪಾಲು. ಕೂಡಿಸಿದರೆ ಆಸ್ತಿಗಿಂತ ಪಾಲೇ ಹೆಚ್ಚಾಗುತ್ತದೆ, ಆರರಲ್ಲಿ ಏಳು! ಖಲೀಫಾ ಉಮರ್‌ರ ಕಾಲದಲ್ಲಿ ಎದುರಾದ ಈ ಸಮಸ್ಯೆಗೆ ಔಲ್ ಎಂಬ ಪರಿಹಾರವಿದೆ. ಆಸ್ತಿಯನ್ನು ಆರರ ಬದಲು ಏಳು ಭಾಗ ಮಾಡಿ, ಗಂಡನಿಗೆ ಮೂರು, ಸಹೋದರಿಯರಿಗೆ ಎರಡೆರಡು ಕೊಡುವುದು. ಈ ವಿಷಯ ಅರಿಯದ ನುರಿತ ಪ್ರೋಗ್ರಾಮರ್ ಇಲ್ಲಿ ಮುಗ್ಗರಿಸಬಹುದು. ಅಧ್ಯಾಪಕರು ಮುಗ್ಗರಿಸುವುದಿಲ್ಲ. ಇಷ್ಟು ದಿನ ವಿಷಯ ಬಲ್ಲವರು ಯಂತ್ರ ಬಲ್ಲವರ ಮುಂದೆ ಸರದಿಯಲ್ಲಿ ನಿಂತಿದ್ದರು, ಅದೂ ಕೈಯಲ್ಲಿ ಹಣವಿದ್ದರೆ. ಆ ಅವಲಂಬನೆ ತಪ್ಪುವುದನ್ನು ನಾವು ಸಣ್ಣ ಸಂಗತಿಯೆಂದು ಎಣಿಸುವುದಿಲ್ಲ.

ಆದರೆ ಅಧ್ಯಾಪಕರ ಕಣ್ಣಿಗೆ ಬೀಳದ ಭಾಗವೂ ಆ ಆ್ಯಪಿನಲ್ಲಿರುತ್ತದೆ. ಮನೆಮಂದಿಯ ಹೆಸರು, ಜಮೀನಿನ ವಿವರ ಎಲ್ಲಿ ಕೂರುತ್ತದೆ, ಯಾರು ಓದಬಲ್ಲರು? 2025ರಲ್ಲಿ ಸ್ವೀಡನ್ನಿನ ಲವಬಲ್ ಸಂಸ್ಥೆಯ ಸಾಧನದಿಂದ ಮಾಡಿದ 1,645 ಆ್ಯಪ್‌ಗಳನ್ನು ಪರಿಶೀಲಿಸಿದಾಗ 170ರಲ್ಲಿ ಬಳಕೆದಾರರ ಮಾಹಿತಿ ಹೊರಗಿನವರಿಗೆ ಎಟುಕುವಂತಿತ್ತು. ಅದೇ ವರ್ಷದ ಜುಲೈಯಲ್ಲಿ ರೆಪ್ಲಿಟ್ ಸಂಸ್ಥೆಯ ಕೃತಕ ಬುದ್ಧಿಮತ್ತೆ, ಏನನ್ನೂ ಬದಲಿಸಬೇಡ ಎಂದು ಹೇಳಿದ್ದರೂ ಬಳಕೆದಾರರೊಬ್ಬರ ಇಡೀ ದತ್ತಾಂಶವನ್ನು ಅಳಿಸಿಹಾಕಿತು. ಸಂಸ್ಥೆಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. ಮಾಹಿತಿ ಮರಳಿ ಸಿಕ್ಕಿತೆಂಬುದು ಆ ವ್ಯಕ್ತಿಯ ಅದೃಷ್ಟ.

ಇಂಗ್ಲೆಂಡಿನ ಹಾಳೆಗೂ ಇದಕ್ಕೂ ನಮಗೆ ಕಾಣುವ ವ್ಯತ್ಯಾಸವಿದು. ಹಾಳೆಯ ಸೂತ್ರವನ್ನು ಬರೆದವರೇ ಮತ್ತೆ ಓದಬಹುದು. ಇಲ್ಲಿ ಹೇಳಿದವರು ಒಬ್ಬರು, ಬರೆದದ್ದು ಯಂತ್ರ, ಪಾಲು ತಪ್ಪಿದರೆ ಮನೆಬಾಗಿಲಿಗೆ ಬರುವ ಸಹೋದರಿ ಮಾತ್ರ ಅಧ್ಯಾಪಕರನ್ನೇ ಕೇಳುತ್ತಾಳೆ. ಖ್ವಾರಿಝ್ಮಿ ಸಮೀಕರಣದ ನಿಯಮಗಳನ್ನು ಹೇಳಿ ಸುಮ್ಮನಾಗಲಿಲ್ಲ. ಚೌಕಗಳ ಚಿತ್ರ ಬರೆದು ಅವು ಏಕೆ ಸರಿಯೆಂದು ತೋರಿಸಿದರು, ಓದುಗ ತಾನೇ ಮಾಡಿ ನೋಡಲೆಂದು ಲೆಕ್ಕದ ಮೇಲೆ ಲೆಕ್ಕ ಬಿಡಿಸಿಟ್ಟರು. ನಮ್ಮ ಅಧ್ಯಾಪಕರೂ ಆ್ಯಪನ್ನು ಊರಿಗೆ ಹಂಚುವ ಮುನ್ನ ಏಳು ಎಕರೆ ಜಮೀನು, ಒಬ್ಬ ಗಂಡ, ಇಬ್ಬರು ಸಹೋದರಿಯರನ್ನು ಅದರೊಳಗೆ ಹಾಕಿ, ಪಕ್ಕದಲ್ಲೊಂದು ಕಾಗದವಿಟ್ಟುಕೊಂಡು ಕೂರಲಿ. ದತ್ತಾಂಶದ ಬೀಗವನ್ನು ಪರೀಕ್ಷಿಸಲು ಊರಿನ ಇಂಜಿನಿಯರಿಂಗ್ ಹುಡುಗಿಯೊಬ್ಬಳನ್ನು ಕರೆಸಿಕೊಳ್ಳಲಿ.