ಬರೆದವನು ಯಾರು, ಒಪ್ಪಿದವನು ಯಾರು?

ವಾಚಕರೆ, ಒಬ್ಬನು ಬರೆದ ಪುಸ್ತಕ ಮತ್ತೊಬ್ಬನ ಹೆಸರಿನಲ್ಲಿ ಹೊರಬರುವುದು ಈ ಕಾಲದ ಚಾಳಿಯೆಂದು ನೀವು ಭಾವಿಸಿರಬಹುದು. ಆದರೆ ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥದ ಮೇಲೆಯೇ ಈ ವ್ಯಾಜ್ಯವುಂಟು.

ಕವಿರಾಜಮಾರ್ಗ ಹುಟ್ಟಿದ್ದು 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. 1898ರಲ್ಲಿ ಕೆ. ಬಿ. ಪಾಠಕರು ಅದನ್ನು ಅಚ್ಚುಹಾಕಿಸಿದಾಗ ಕರ್ತೃವೆಂದು ಅರಸನ ಹೆಸರನ್ನೇ ಕಾಣಿಸಿದರು. ಹುಡುಗನಾಗಿದ್ದಾಗ ನಾನೂ ಹಾಗೆಯೇ ಬಾಯಿಪಾಠ ಮಾಡಿದ್ದೆ. ಗ್ರಂಥವನ್ನು ಬಿಚ್ಚಿ ನೋಡಿದರೋ, ಪರಿಚ್ಛೇದದ ಕೊನೆಯಲ್ಲಿ ಅದು ನೃಪತುಂಗದೇವನಿಗೆ ಅನುಮತವಾದದ್ದು ಎಂದಿದೆಯೇ ಹೊರತು ಅವನು ರಚಿಸಿದ್ದು ಎಂದಿಲ್ಲ. ಅನುಮತವೆಂದರೆ ಒಪ್ಪಿಗೆ ಪಡೆದದ್ದು. ತಾನು ಬರೆದುದಕ್ಕೆ ತಾನೇ ಒಪ್ಪಿಗೆ ಕೊಟ್ಟುಕೊಳ್ಳುವವರುಂಟೆ? ಶ್ರೀವಿಜಯನ ಹೆಸರು ಕೃತಿಯೊಳಗೇ ಬರುತ್ತದೆ. 11ನೆಯ ಶತಮಾನದ ದುರ್ಗಸಿಂಹನೂ ತನ್ನ ಪಂಚತಂತ್ರದಲ್ಲಿ ಕವಿಮಾರ್ಗವನ್ನು ಶ್ರೀವಿಜಯನದೆಂದೇ ಹೇಳಿದ್ದಾನೆ. ಇಂದು ಬಹುಮಂದಿ ವಿದ್ವಾಂಸರ ಒಲವೂ ಅತ್ತಲೇ.

ಹಾಗೆಂದು ಅರಸನನ್ನು ಕೃತಿಚೋರನೆನ್ನಲು ನನಗೆ ಮನಸ್ಸಿಲ್ಲ. ಆಶ್ರಯ ಅವನದು, ಅಭಿಮತವೂ ಅವನದಿರಬಹುದು, ಪದ್ಯ ಕವಿಯದು. ಕವಿ ಒಡೆಯನನ್ನು ಮುಂದಿಟ್ಟು ತಾನು ಹಿಂದೆ ಸರಿದು ನಿಂತ, ಅಷ್ಟೆ. ಈಗ ನಾನು ಕರಿಹಲಗೆಯ ಮೇಲೆ ಶ್ರೀವಿಜಯನೆಂದೇ ಬರೆಯುತ್ತೇನೆ. ಹಿಂದಿನ ಸಾಲಿನ ಹುಡುಗರು ಮಾತ್ರ, “ಪರೀಕ್ಷೆಯಲ್ಲಿ ಯಾವ ಹೆಸರಿಗೆ ಅಂಕ, ಸಾರ್?” ಎಂದು ಕೇಳುತ್ತಾರೆ.