ಋತುಮಾನ, ಮಳೆ ಮತ್ತು ಆತ್ಮಹತ್ಯೆ: ಕೊಳ್ಳೇಗಾಲ ಸೀಮೆಯ ಹಿನ್ನೆಲೆಯಲ್ಲಿ ಒಂದು ಸಂಶೋಧನಾ ಚರಿತ್ರೆ

ಆತ್ಮಹತ್ಯೆಗಳ ಸಂಖ್ಯೆ ವರ್ಷದ ಎಲ್ಲ ತಿಂಗಳುಗಳಲ್ಲೂ ಒಂದೇ ಸಮನಾಗಿರುವುದಿಲ್ಲ ಎಂಬುದು ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಅಂಕಿಅಂಶಗಳ ಮೂಲಕ ಗೊತ್ತಾಯಿತು. ಕತ್ತಲೆ ಕವಿದ ಚಳಿಗಾಲದಲ್ಲಿ ಅವು ಹೆಚ್ಚುತ್ತವೆಂಬ ಊಹೆ ಅಲ್ಲಿ ಸುಳ್ಳಾಯಿತು. ವಸಂತದ ಕೊನೆ ಮತ್ತು ಬೇಸಿಗೆಯ ಮೊದಲಲ್ಲೇ ಸಂಖ್ಯೆ ಏರುತ್ತಿತ್ತು. ಇಟಲಿಯ ಎನ್ರಿಕೊ ಮೊರ್ಸೆಲ್ಲಿ 1879ರಲ್ಲಿ, ಬಿಸಿಲೇರುವ ಕಾಲ ನರವ್ಯೂಹದ ಮೇಲೆ ಮಾಡುವ ಪರಿಣಾಮವೇ ಇದಕ್ಕೆ ಕಾರಣವೆಂದರು. ಫ್ರಾನ್ಸಿನ ಎಮಿಲ್ ಡರ್ಕೈಮ್ 1897ರಲ್ಲಿ ಅದನ್ನು ತಳ್ಳಿಹಾಕಿದರು. ಹಗಲು ಉದ್ದವಾದಂತೆ ಜನರ ವ್ಯವಹಾರ, ಒಡನಾಟ, ಅವುಗಳೊಂದಿಗಿನ ಒತ್ತಡ ಹೆಚ್ಚುತ್ತದೆ ಎಂಬುದು ಅವರ ವಾದ.

ಈ ವಾದವನ್ನು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಿಗೆ ಹಾಗೇ ಅನ್ವಯಿಸಲಾಗದು. ಪ್ಯಾರಿಸಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸುಮಾರು ಎಂಟು ಗಂಟೆಗಳ ಅಂತರವಿದೆ. 12 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನ ಕೊಳ್ಳೇಗಾಲದಲ್ಲಿ ಅದು ಒಂದೂವರೆ ಗಂಟೆಯನ್ನೂ ಮೀರುವುದಿಲ್ಲ. ಇಲ್ಲಿ ವರ್ಷವನ್ನು ಭಾಗ ಮಾಡುವುದು ಮಳೆ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಗೆ ಮುಂಗಾರಿನ ಪೂರ್ವದ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನ ಉತ್ತರೆ, ಹಸ್ತೆ, ಚಿತ್ತೆಗಳಲ್ಲಿ ಇನ್ನೊಮ್ಮೆ ಮಳೆ ಜೋರು. ಸುವರ್ಣಾವತಿ ಹೊಳೆಯ ನೀರು ಕಾಣುವ ಯಳಂದೂರಿನ ಗದ್ದೆಗೂ ರಾಗಿ, ಜೋಳ ಬೆಳೆಯುವ ಹನೂರಿನ ಹೊಲಕ್ಕೂ ಒಂದೇ ಮಳೆ ತಪ್ಪಿದರೂ ನಷ್ಟ ಒಂದೇ ಅಲ್ಲ.

ಮಳೆ ಮತ್ತು ಸಾಲದ ನಂಟನ್ನು ಬರೆದಿಟ್ಟವರಲ್ಲಿ ಈ ಸೀಮೆಗೆ ಹತ್ತಿರದವರು ಎಫ್.ಎ. ನಿಕಲ್ಸನ್. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇಂದಿನ ಹನೂರು ಆಗ ಅದೇ ತಾಲ್ಲೂಕಿನ ಭಾಗ. ಆ ಜಿಲ್ಲೆಯ ಕೈಪಿಡಿಯನ್ನು 1887ರಲ್ಲಿ ಬರೆದ ನಿಕಲ್ಸನ್, ಮುಂದೆ ಮದ್ರಾಸ್ ಪ್ರಾಂತ್ಯದ ರೈತರ ಸಾಲವನ್ನು ಪರಿಶೀಲಿಸಿ ವರದಿ ಕೊಟ್ಟರು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಗೆ ಅದು ದಾರಿಯಾಯಿತು. ಆತ್ಮಹತ್ಯೆ ಅವರ ವಿಷಯವಾಗಿರಲಿಲ್ಲ. ಆದರೂ ಬರದ ವರ್ಷ ಮನೆಯೊಳಗೆ ಹೇಗೆ ಇಳಿಯುತ್ತದೆ ಎಂದು ತಿಳಿಯಲು ಡರ್ಕೈಮ್‌ಗಿಂತ ನಿಕಲ್ಸನ್ ಹೆಚ್ಚು ನೆರವಾಗುತ್ತಾರೆ.

ಕರ್ನಾಟಕದಲ್ಲಿ ರೈತರ ಆತ್ಮಹತ್ಯೆಗಳ ಚರ್ಚೆ ತೀವ್ರವಾದದ್ದು 2001ರಿಂದ ಸತತ ಮೂರು ವರ್ಷ ಬರ ಬಿದ್ದಾಗ. ಸರ್ಕಾರ ನೇಮಿಸಿದ ಡಾ. ಜಿ.ಕೆ. ವೀರೇಶ್ ಸಮಿತಿ 2002ರಲ್ಲಿ ವರದಿ ನೀಡಿ, ಆ ಸಾವುಗಳನ್ನು ಒಂದೇ ಕಾರಣಕ್ಕೆ ಕಟ್ಟಿಹಾಕಲಾಗದೆಂದಿತು. ಕುಡಿತ, ಕೌಟುಂಬಿಕ ಕಲಹಗಳಿಗೆ ಅದು ಕೊಟ್ಟ ತೂಕ ಟೀಕೆಗೊಳಗಾಯಿತು. ಆ ಟೀಕೆಯಲ್ಲಿ ಹುರುಳಿದೆ: ಬೆಳೆ ಕೈಕೊಟ್ಟ ಮನೆಯಲ್ಲಿ ಕಲಹವನ್ನೂ ಸಾಲವನ್ನೂ ಬೇರೆ ಬೇರೆ ಕಾಲಂಗಳಲ್ಲಿ ಬರೆಯುವುದು ಸುಲಭ, ಬೇರ್ಪಡಿಸುವುದು ಸುಲಭವಲ್ಲ.

ಹವಾಮಾನವನ್ನೇ ನೇರವಾಗಿ ಅಳೆದ ದೊಡ್ಡ ಅಧ್ಯಯನ ಟ್ಯಾಮಾ ಕಾರ್ಲಟನ್ ಅವರದು. 1967ರಿಂದ 2013ರವರೆಗಿನ ದೇಶದ ದಾಖಲೆಗಳನ್ನು ಹಿಡಿದು 2017ರಲ್ಲಿ ಪ್ರಕಟವಾದ ಅದರ ಪ್ರಕಾರ, ಬೆಳೆ ಇರುವ ಕಾಲದಲ್ಲಿ ಉಷ್ಣತೆ 20 ಡಿಗ್ರಿ ದಾಟಿದ ಒಂದು ದಿನ ಇನ್ನೂ ಒಂದು ಡಿಗ್ರಿ ಏರಿದರೆ ದೇಶದಲ್ಲಿ ಸುಮಾರು 67 ಹೆಚ್ಚುವರಿ ಆತ್ಮಹತ್ಯೆಗಳಾಗುತ್ತವೆ. ಬೆಳೆಯಿಲ್ಲದ ತಿಂಗಳುಗಳಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಬಿಸಿಲು ಮಿದುಳನ್ನು ಮಾತ್ರ ಕಾಡುವುದಾದರೆ ಬೇಸಿಗೆಯಲ್ಲೂ ಅದು ಕಾಣಬೇಕಿತ್ತು. ಹಾಗಾಗಿ ಹೊಲದ ಮೂಲಕವೇ ಅದು ಮನುಷ್ಯರನ್ನು ತಟ್ಟುತ್ತದೆಂದು ಕಾರ್ಲಟನ್ ತರ್ಕಿಸಿದರು. ಬಿಸಿಲಿನ ನೇರ ಪರಿಣಾಮವನ್ನೂ ತಳ್ಳಿಹಾಕುವಂತಿಲ್ಲ: ಅಮೆರಿಕ ಮತ್ತು ಮೆಕ್ಸಿಕೊಗಳ ಮೇಲೆ 2018ರಲ್ಲಿ ಬಂದ ಇನ್ನೊಂದು ಅಧ್ಯಯನ, ತಿಂಗಳ ಸರಾಸರಿ ಒಂದು ಡಿಗ್ರಿ ಏರಿದರೆ ಪ್ರಮಾಣ ಕ್ರಮವಾಗಿ ಶೇ 0.7 ಮತ್ತು ಶೇ 2.1ರಷ್ಟು ಹೆಚ್ಚುವುದನ್ನು ತೋರಿಸಿತು.

ಕಾರ್ಲಟನ್ ಅವರ ಲೆಕ್ಕದಲ್ಲಿ ಬೆಳೆಗಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್. ಕೊಳ್ಳೇಗಾಲ ಸೀಮೆಯ ಹಿಂಗಾರಿನ ಬೆಳೆ ಈ ಚೌಕಟ್ಟಿನ ಹೊರಗೇ ಉಳಿಯುತ್ತದೆ. ದಾಖಲೆಗಳು ರಾಜ್ಯಮಟ್ಟದ ವಾರ್ಷಿಕ ಮೊತ್ತಗಳಾದ್ದರಿಂದ ಮೂರು ತಾಲ್ಲೂಕುಗಳ ತಿಂಗಳವಾರು ಏರಿಳಿತವನ್ನು ಅವುಗಳಿಂದ ಓದಲಾಗದು. ಮಳೆಮಾಪನ ಕೇಂದ್ರಗಳ ಅಂಕಿಗಳನ್ನೂ ಠಾಣೆಗಳ ಅಸಹಜ ಸಾವಿನ ದಾಖಲೆಗಳನ್ನೂ ಹೋಬಳಿವಾರು ಒಟ್ಟಿಗಿಟ್ಟು ನೋಡುವುದು ಇದಕ್ಕೆ ತಕ್ಕ ವಿಧಾನ. ಮುಚ್ಚಿಡಲಾದ ಸಾವುಗಳು ಅಲ್ಲೂ ಲೆಕ್ಕ ತಪ್ಪಿಸುತ್ತವೆ.

ಇಂಥ ಸಂಬಂಧಗಳು ಜನಸಮುದಾಯದ ಮಟ್ಟದವು. ಒಬ್ಬ ವ್ಯಕ್ತಿಯ ಸಾವಿಗೆ ಮಳೆಯನ್ನೋ ಬಿಸಿಲನ್ನೋ ಕಾರಣವೆನ್ನಲು ಅವು ಸಾಲವು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಒದಗಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಹೇಳುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.